ಕೆಲಸದ ಜಾಗಗಳಿಗೆ ಪ್ಯಾಡ್ ಸಪ್ಲೈ ಮಾಡೋ ಸಣ್ಣ ಬಿಸಿನೆಸ್, ಎಲ್ಲಿಂದ ಶುರು ಮಾಡ್ಲಿ?

ಹೊಸಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಅಕೌಂಟ್ಸ್‌ನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಎರಡು ತಿಂಗಳ ಹಿಂದೆ ಬಿಟ್ಟೆ. ಬಿಡೋಕೆ ಮುಂಚೆ ಒಂದಿನ ಆಡಿಟ್ ನಡೀತಿತ್ತು, ಬೆಳಿಗ್ಗೆಯಿಂದ ಕೂತಲ್ಲೇ ಕೂತಿದ್ದೆ, ಡೇಟ್‌ಗೆ ಇನ್ನೂ ಆರು ದಿನ ಇದೆ ಅಂತ ಬ್ಯಾಗಲ್ಲಿ ಏನೂ ಇಟ್ಕೊಂಡಿರ್ಲಿಲ್ಲ, ಎದ್ದಾಗ ಗೊತ್ತಾಯ್ತು. ವಾಶ್‌ರೂಮಲ್ಲಿ ಟಿಶ್ಯೂ ಮಡಚಿ ಇಟ್ಕೊಂಡು ಬಂದು ಪಕ್ಕದ ಸೆಕ್ಷನ್ ಹುಡುಗೀನ ಕಣ್ಣಲ್ಲೇ ಕೇಳ್ದೆ, ಅವಳು ಒಂದು ವೋಚರ್ ಫೈಲ್ ಒಳಗೆ ಪ್ಯಾಡ್ ಇಟ್ಟು ಎಲ್ಲರ ಎದುರು "ಇದನ್ನ ಒಂಚೂರು ಚೆಕ್ ಮಾಡಿ" ಅಂತ ಕೊಟ್ಲು. ಆ ಫೈಲ್ ಎದೆಗೊತ್ಕೊಂಡು ವಾಪಸ್ ವಾಶ್‌ರೂಮಿಗೆ ಹೋಗ್ವಾಗ ಒಂದೇ ಯೋಚನೆ, ಇಲ್ಲಿ ಸೋಪ್ ಇದೆ, ಟಿಶ್ಯೂ ಇದೆ, ರೂಮ್ ಫ್ರೆಶ್ನರ್ ಕೂಡ ಇದೆ, ಇದೊಂದು ಯಾಕಿಲ್ಲ?

ಅಲ್ಲಿಂದ ಬಂದಿದ್ದು ಈ ಐಡಿಯಾ. ಆಫೀಸು, ಫ್ಯಾಕ್ಟರಿ, ಆಸ್ಪತ್ರೆ ಥರದ ಜಾಗಗಳಿಗೆ ಪ್ಯಾಡ್ ಬಾಕ್ಸ್ ಇಡೋದು, ತಿಂಗಳು ತಿಂಗಳು ತುಂಬಿಸೋದು, ಕಂಪನಿ ನಮಗೆ ದುಡ್ಡು ಕೊಡುತ್ತೆ, ಕೆಲಸ ಮಾಡೋ ಹೆಂಗಸ್ರಿಗೆ ಫ್ರೀ. ಬಂದ ಲಾಭದಲ್ಲಿ ಒಂದು ಪಾಲು ಕೊಂಡ್ಕೊಳ್ಳೋಕೆ ಆಗದೇ ಇರೋರಿಗೆ ಹೋಗ್ಬೇಕು ಅನ್ನೋದು ನನ್ನ ಗಟ್ಟಿ ಆಸೆ, ಅದನ್ನ ಮಾತ್ರ ಬಿಡಲ್ಲ. ಆದ್ರೆ ತಲೆ ತುಂಬಾ ಪ್ರಶ್ನೆ. ಪ್ಯಾಡ್ ನಾವೇ ತಯಾರು ಮಾಡ್ಬೇಕಾ ಇಲ್ಲ ಕೊಂಡು ಕೊಡೋದಾ? ದೇಹದ ಒಳಗೆ ಇಟ್ಕೊಳ್ಳೋ ಮುಟ್ಟಿನ ಕಪ್, ಟ್ಯಾಂಪೂನ್ ಕೂಡ ಇಡ್ಬೇಕಾ? "ಮಣ್ಣಲ್ಲಿ ಕರಗೋ ಪ್ಯಾಡ್" ಅಂತ ಮಾರ್ತಾರಲ್ಲ, ಅದನ್ನ ನಂಬಬಹುದಾ? ಕಂಪನಿಯವರ ಹತ್ರ ಹೋಗಿ ಏನಂತ ಮಾತು ಶುರು ಮಾಡೋದು? ನನ್ನ ಹತ್ರ ಸ್ವಲ್ಪ ಉಳಿತಾಯ ಇದೆ, ಜೊತೆಗೆ ಒಬ್ಬಳು ಫ್ರೆಂಡ್ ಇದಾಳೆ, ಅಷ್ಟೇ ಬಂಡವಾಳ.

ರೀಫಿಲ್‌ಅಕ್ಕ:

ನಾನು ಇದೇ ಕೆಲಸ ನಾಲ್ಕು ವರ್ಷದಿಂದ ಮಾಡ್ತಿದೀನಿ ತಂಗಿ, ಅದಕ್ಕೇ ಬಿಡಿಸಿ ಹೇಳ್ತೀನಿ.

ಮೊದಲ್ನೇದು, ಪ್ಯಾಡ್ ತಯಾರಿಕೆಗೆ ಈಗಲೇ ಕೈ ಹಾಕ್ಬೇಡ. ನಾನು ಹಾಕ್ದೆ. ಸಣ್ಣ ಮಷೀನ್ ಸಾಲದಲ್ಲಿ ತಗೊಂಡು ನಾಲ್ಕು ಜನ ಸೇರಿ ಮಾಡೋಕೆ ಶುರು ಮಾಡಿದ್ವಿ, ಹೀರೋದೇನೋ ಚೆನ್ನಾಗಿ ಹೀರ್ತಿತ್ತು, ಆದ್ರೆ ಹಿಂದಿನ ಅಂಟು ಸರಿಯಾಗಿ ಹಿಡೀತಿರ್ಲಿಲ್ಲ, ಎರಡು ಗಂಟೆ ಓಡಾಡಿದ್ರೆ ಪ್ಯಾಡ್ ಸುರುಳಿ ಸುತ್ಕೊಂಡು ಪಕ್ಕಕ್ಕೆ ಸರೀತಿತ್ತು. ಕೂತು ಕೆಲಸ ಮಾಡೋರಿಗೆ ಅದು ಹೇಗೋ ನಡೀತಿತ್ತು, ಇಡೀ ದಿನ ನಿಂತು ಕೆಲಸ ಮಾಡೋರು ಒಂದೇ ಸಲ ತಗೊಂಡು ಮತ್ತೆ ಮುಟ್ಲಿಲ್ಲ. ಒಂದು ವರ್ಷ ಕಷ್ಟಪಟ್ಟು ಕೊನೆಗೆ ಮಷೀನ್ ಮಾರ್ದೆ. ತಯಾರಿಕೆ ಒಂದು ಬಿಸಿನೆಸ್, ಸಪ್ಲೈ ಬೇರೆಯೇ ಒಂದು ಬಿಸಿನೆಸ್, ಎರಡೂ ಒಟ್ಟಿಗೆ ಹೊರೋಕೆ ಇಬ್ಬರಿಂದ ಆಗಲ್ಲ. ಒಳ್ಳೆ ತಯಾರಕರ ಹತ್ರ ಹೋಲ್‌ಸೇಲಲ್ಲಿ ತಗೋ, ಒಂದೊಂದೂ ಬೇರೆ ಬೇರೆ ಪ್ಯಾಕ್ ಆಗಿರೋದೇ ತಗೋ, ಯಾಕಂದ್ರೆ ವಾಶ್‌ರೂಮಲ್ಲಿ ತೇವ ಇರುತ್ತೆ, ಬಿಡಿ ಪ್ಯಾಡ್ ತೆರೆದ ಡಬ್ಬೀಲಿ ಇಟ್ರೆ ಯಾರೂ ನಂಬಿ ತಗೊಳಲ್ಲ, ತಗೋಬಾರ್ದು ಕೂಡ.

ಎರಡ್ನೇದು, ಇದೇ ಮುಖ್ಯ. ನೀನು ಮಾರ್ತಿರೋದು ಪ್ಯಾಡ್ ಅಲ್ಲ, ಬಾಕ್ಸ್ ಯಾವತ್ತೂ ಖಾಲಿ ಇರಲ್ಲ ಅನ್ನೋ ಭರವಸೆ. ಶುರು ಮಾಡಿದ ಹೊಸತರಲ್ಲಿ ಒಂದು ಆಫೀಸಲ್ಲಿ ಬಾಕ್ಸ್ ಮೂರು ದಿನ ಖಾಲಿ ಇತ್ತು. ಹೌಸ್‌ಕೀಪಿಂಗ್‌ನವರು ನಾವು ಬರ್ತೀವಿ ಅಂದ್ಕೊಂಡಿದ್ರು, ಸ್ಟೋರಲ್ಲಿ ಎಕ್ಸ್‌ಟ್ರಾ ಇದೆ ತುಂಬಿಸ್ತಾರೆ ಅಂತ ನಾವಂದ್ಕೊಂಡಿದ್ವಿ. ನಾನು ಹೋಗಿ ನೋಡಿದಾಗ ಬಾಕ್ಸ್ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ರು, "ಇದನ್ನ ನಂಬಿ ಬಂದಿದ್ದೆ" ಅಂತ ಪೆನ್ಸಿಲಲ್ಲಿ ಬರೆದಿತ್ತು. ಯಾರು ಬರೆದಿದ್ದು ಅಂತ ಇವತ್ತಿಗೂ ಗೊತ್ತಿಲ್ಲ. ಆ ಚೀಟಿ ಇನ್ನೂ ನನ್ನ ಪರ್ಸಲ್ಲಿದೆ. ಅವತ್ತಿಂದ ಪ್ರತಿ ಜಾಗದಲ್ಲೂ ಎರಡು ವಾರಕ್ಕಾಗೋಷ್ಟು ಸ್ಟಾಕ್ ಅಲ್ಲೇ ಒಂದು ಕಪಾಟಲ್ಲಿ ಇಡ್ತೀವಿ, ಬಾಕ್ಸ್ ಒಳಗೆ ಕಾಲು ಭಾಗ ಉಳಿದಾಗ ಕಾಣೋ ಹಾಗೆ ಒಂದು ಕೆಂಪು ಗೆರೆ ಹಾಕಿದೀವಿ, ಗೆರೆ ಕಂಡ ದಿನ ತುಂಬಿಸೋರು ಯಾರು ಅಂತ ಮೊದಲೇ ಹೆಸರು ಗೊತ್ತುಮಾಡಿರ್ತೀವಿ.

ಲೆಕ್ಕ ಹೇಗೆ ಅಂದ್ರೆ, ನೂರು ಜನ ಹೆಂಗಸ್ರಿದ್ರೆ ವಯಸ್ಸಾದವರು, ಬಸುರಿಯರು, ಮುಟ್ಟು ನಿಂತವರು ಎಲ್ಲ ಬಿಟ್ಟು ಒಂದು 80 ಅಂತ ಇಟ್ಕೋ. ಮುಟ್ಟು ಸಾಮಾನ್ಯವಾಗಿ 2ರಿಂದ 7 ದಿನ ಇರುತ್ತೆ, ಅದರಲ್ಲಿ ಕೆಲಸದ ದಿನ ಮೂರೋ ನಾಲ್ಕೋ ಸಿಗುತ್ತೆ, ಒಂದು ಶಿಫ್ಟಲ್ಲಿ ಎರಡು ಸಲ ಬದಲಾಯಿಸಿದ್ರೆ ತಲೆಗೆ ಏಳು ಪ್ಯಾಡ್, ಒಟ್ಟು 560. ಇದು ಎಲ್ಲರೂ ನಿನ್ನ ಬಾಕ್ಸನ್ನೇ ನಂಬ್ಕೊಂಡ್ರೆ ಮಾತ್ರ. ಆಫೀಸಲ್ಲಿ ತುಂಬಾ ಜನ ಮನೆಯಿಂದ ತರ್ತಾರೆ, ಅಲ್ಲಿ ಇದರ ಮೂರನೇ ಒಂದು ಭಾಗದಿಂದ ಶುರು ಮಾಡು, ಕಮ್ಮಿ ಸಂಬಳದ ಜಾಗ ಆದ್ರೆ ಪೂರ್ತಿ ಲೆಕ್ಕಕ್ಕೇ ರೆಡಿ ಇರು.

ಮೊದಲ ಎರಡು ವಾರ ಬಾಕ್ಸ್ ಬೇಗ ಬೇಗ ಖಾಲಿ ಆಗುತ್ತೆ, ಆಗ ಕಂಪನಿಯವರು "ಮನೆಗೆ ಹೊತ್ಕೊಂಡು ಹೋಗ್ತಿದಾರೆ, ಬೀಗ ಹಾಕಿ" ಅಂತಾರೆ. ಹಾಕ್ಬೇಡ. ನಾಳೆ ಇರುತ್ತೋ ಇಲ್ವೋ ಅನ್ನೋ ಭಯಕ್ಕೆ ಜನ ಎರಡು ಮೂರು ತಗೋತಾರೆ, ಮೂರನೇ ವಾರವೂ ತುಂಬಿಯೇ ಇದೆ ಅಂತ ಕಂಡ್ರೆ ತಾನಾಗೇ ಇಳಿಯುತ್ತೆ, ನಾನು ಹೋದ ಎಲ್ಲ ಜಾಗದಲ್ಲೂ ಹಾಗೇ ಆಗಿದೆ. ನಾಣ್ಯ ಹಾಕೋ ಮಷೀನ್ ಸಹ ಬೇಡ, ಅವಸರದಲ್ಲಿ ಓಡಿ ಬಂದೋಳ ಕೈಲಿ ಸರಿಯಾದ ನಾಣ್ಯ ಇರಲ್ಲ, ಇದ್ರೂ ಮಷೀನ್ ಸಿಕ್ಕಾಕ್ಕೊಳ್ಳುತ್ತೆ. ಎಲ್ಲಾದ್ರೂ ಮೂರು ತಿಂಗಳ ಟ್ರಯಲ್ ಒಪ್ಪಿಸು, ಒಂದೇ ತಿಂಗಳಾದ್ರೆ ಆ ಮೊದಲಿನ ನೂಕುನುಗ್ಗಲೇ ನಿನ್ನ ಲೆಕ್ಕ ಆಗಿಬಿಡುತ್ತೆ.

ಸ್ಟೋರ್ಸ್ ಮತ್ತು ಅಡ್ಮಿನ್:

ನಾನು ಆ ಕಡೆಯವನು, ಅಂದ್ರೆ ಕಂಪನಿಯಲ್ಲಿ ಇಂಥದ್ದಕ್ಕೆಲ್ಲ ಪರ್ಚೇಸ್ ಆರ್ಡರ್ ಹಾಕೋನು. ಹದಿನೈದು ವರ್ಷ ಟಿಶ್ಯೂ, ಫಿನಾಯಿಲ್, ಬಲ್ಬು ಎಲ್ಲ ತರಿಸಿದೀನಿ, ಪ್ಯಾಡ್ ತರಿಸ್ಬೇಕು ಅಂತ ಒಂದು ದಿನವೂ ಹೊಳೀಲಿಲ್ಲ, ನನ್ನ ಮಗಳು ಕೆಲಸಕ್ಕೆ ಸೇರಿದ ಮೇಲೆ ಹೊಳೀತು, ಅದು ತಪ್ಪೇ.

ಮೇಡಂ, ನೀವು ಬರುವಾಗ ಎಚ್‌ಆರ್ ಹತ್ರ ಮಾತ್ರ ಹೋಗ್ಬೇಡಿ. ಅವರು ಖುಷಿಯಾಗಿ ಒಪ್ತಾರೆ, ಮಹಿಳಾ ದಿನಾಚರಣೆಗೆ ಒಂದು ಬಾಕ್ಸ್ ಇಟ್ಟು ಫೋಟೋ ತೆಗೀತಾರೆ, ಮುಂದಿನ ವರ್ಷ ಬಜೆಟ್ ಇಲ್ಲ ಅಂತಾರೆ. ಇದು ಎಲ್ಲಿ ಟಿಶ್ಯೂ, ಸೋಪಿನ ಖರ್ಚು ಬರುತ್ತೋ ಅದೇ ಹೆಡ್ ಕೆಳಗೆ ಬರ್ಬೇಕು, ಆಗ ಯಾರೂ ಅದನ್ನ ಮತ್ತೆ ಮತ್ತೆ ಪ್ರಶ್ನೆ ಮಾಡಲ್ಲ. ಕೊಟೇಶನಲ್ಲಿ ಪ್ಯಾಡಿಗೆ ಇಷ್ಟು, ಬಾಕ್ಸಿಗೆ ಇಷ್ಟು ಅಂತ ಬಿಡಿಬಿಡಿಯಾಗಿ ಬರೆದ್ರೆ ಪರ್ಚೇಸ್‌ನವರು ಒಂದೊಂದಕ್ಕೂ ಚೌಕಾಸಿ ಮಾಡ್ತಾರೆ, ಅದರ ಬದಲು ತಲೆಗೆ ತಿಂಗಳಿಗೆ ಇಷ್ಟು, ತುಂಬಿಸೋದೂ ಸೇರಿ, ಅಂತ ಒಂದೇ ರೇಟ್ ಕೊಡಿ. ಪಕ್ಕದಲ್ಲೇ ಅವರ ಟಿಶ್ಯೂ ಖರ್ಚು ಎಷ್ಟು ಬರುತ್ತೆ ಅಂತ ಕೇಳಿ ಹಾಕಿ ತೋರ್ಸಿ, ಎರಡೂ ಒಟ್ಟಿಗೆ ನೋಡಿದ್ರೆ ಅವರಿಗೇ ಅರ್ಥ ಆಗುತ್ತೆ.

ಪೈಪಿನ ವಿಷಯ ಖಂಡಿತ ಎತ್ತಿ. ಪ್ಯಾಡ್ ಹಾಕೋಕೆ ಜಾಗ ಇಲ್ದಿದ್ರೆ ಜನ ಕಮೋಡಲ್ಲಿ ಹಾಕ್ತಾರೆ, ಅದು ನೀರು ಕುಡಿದು ಊದ್ಕೊಂಡು ಲೈನ್ ಬ್ಲಾಕ್ ಆಗುತ್ತೆ, ಪ್ಲಂಬರನ್ನ ಕರೆಸೋ ಬಿಲ್ ಅಡ್ಮಿನ್ ಕೈಗೇ ಬರೋದು. ಪ್ರತಿ ಟಾಯ್ಲೆಟ್ ಒಳಗೂ ಕಾಲಲ್ಲಿ ಒತ್ತಿ ತೆಗೆಯೋ ಮುಚ್ಚಳದ ಸಣ್ಣ ಬಿನ್, ಜೊತೆಗೆ ಸುತ್ತಿ ಹಾಕೋಕೆ ಪೇಪರ್ ಕವರ್, ಇವೆರಡೂ ನಿಮ್ಮ ಪ್ಯಾಕೇಜಲ್ಲೇ ಇರಲಿ. ನಾನು ಒಪ್ಪಿದ್ದೇ ಈ ಮಾತಿಗೆ.

ಇನ್ನು ದುಡ್ಡಿನ ವಿಷಯ. ದೊಡ್ಡ ಕಂಪನಿಗಳು ಬಿಲ್ ಕೊಟ್ಟು 60 ದಿನ, ಕೆಲವು ಕಡೆ 90 ದಿನ ಆದ್ಮೇಲೆ ಪೇಮೆಂಟ್ ಮಾಡ್ತಾವೆ, ನೀವು ತಯಾರಕರಿಗೆ ಕೈಗೆ ಕೈ ಕೊಟ್ಟಿರ್ತೀರಿ. ಮೂರು ದೊಡ್ಡ ಆರ್ಡರ್ ಒಟ್ಟಿಗೆ ಸಿಕ್ಕಿ ಅದೇ ಕಾರಣಕ್ಕೆ ಮುಚ್ಚಿಹೋದ ಸಣ್ಣ ಸಪ್ಲೈಯರ್‌ಗಳನ್ನ ನಾನೇ ಕಣ್ಣಾರೆ ನೋಡಿದೀನಿ. ಮೂರು ತಿಂಗಳ ಸ್ಟಾಕಿಗಾಗೋ ದುಡ್ಡು ಕೈಲಿಲ್ದೆ ದೊಡ್ಡ ಕಂಪನಿಗೆ ಕೈ ಹಾಕ್ಬೇಡಿ. ಸಣ್ಣ ಕ್ಲಿನಿಕ್, ಸಣ್ಣ ಆಫೀಸು, ಶಾಲೆ, ಇವರು ಬೇಗ ಕೊಡ್ತಾರೆ. ತೆರಿಗೆ ವಿಷಯಾನೂ ಒಂದ್ಸಲ ಗೊತ್ತಿರೋರ ಹತ್ರ ಕೂತು ಕೇಳಿ. ಕೀನ್ಯಾ 2004ರಲ್ಲೇ ಪ್ಯಾಡ್ ಮೇಲಿನ ತೆರಿಗೆ ತೆಗೀತು, ಭಾರತ 2018ರಲ್ಲಿ, ಬ್ರಿಟನ್ 2021ರಲ್ಲಿ. ಆದ್ರೆ ಮಾಲಿಗೆ ತೆರಿಗೆ ವಿನಾಯಿತಿ ಇದೆ ಅಂದ ಮಾತ್ರಕ್ಕೆ ನಿಮಗೆ ಉಳಿತಾಯ ಅಂತಲ್ಲ, ಪ್ಯಾಡಿಗೆ ವಿನಾಯಿತಿ ಇದ್ದು ಬಾಕ್ಸು, ಬಿನ್ನು, ಸಾಗಾಣಿಕೆಗೆ ನೀವು ತೆರಿಗೆ ಕಟ್ಟಿದ್ರೆ ಅದನ್ನ ವಾಪಸ್ ಪಡೆಯೋಕೆ ಆಗದೇ ಹೋಗಬಹುದು, ರೇಟ್ ಹಾಕುವಾಗ ಅದು ಒಳಗೆ ಸೇರಿರ್ಬೇಕು.

ಹೊಸಹೆಜ್ಜೆ:

ಅಕ್ಕ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆ ಹಳದಿ ಚೀಟಿ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಒಂದು ಸಂದೇಹ, ಸ್ಕಾಟ್ಲೆಂಡಲ್ಲಿ ಎಲ್ಲ ಕಡೆ ಫ್ರೀ ಕೊಡ್ಬೇಕು ಅಂತ ಕಾನೂನೇ ಇದೆಯಂತಲ್ಲ, ಅದನ್ನ ಕಂಪನಿಯವರಿಗೆ ತೋರಿಸಿದ್ರೆ ಪ್ರಯೋಜನ ಆಗುತ್ತಾ?

ಸ್ಟೋರ್ಸ್ ಮತ್ತು ಅಡ್ಮಿನ್:

ಆ ಕಾನೂನು 2020ರ ನವೆಂಬರಲ್ಲಿ ಪಾಸ್ ಆಯ್ತು, 2022ರ ಆಗಸ್ಟಿಂದ ಜಾರಿಲಿದೆ, ಆದ್ರೆ ಜವಾಬ್ದಾರಿ ಇರೋದು ಸ್ಥಳೀಯ ಆಡಳಿತದ ಮೇಲೆ, ಶಾಲೆ ಕಾಲೇಜುಗಳ ಮೇಲೆ. ಖಾಸಗಿ ಕಂಪನಿ ಕಡ್ಡಾಯವಾಗಿ ಇಡ್ಬೇಕು ಅಂತ ಅದರಲ್ಲಿಲ್ಲ. ಹಾಗಾಗಿ ಕಾನೂನು ಅಂತ ಹೆದರಿಸೋಕೆ ಹೋಗ್ಬೇಡಿ, ಪರ್ಚೇಸ್‌ನವರು ಓದಿ ನೋಡಿದ್ರೆ ನಿಮ್ಮ ಬೇರೆ ಮಾತೂ ನಂಬಲ್ಲ.

ಮೂರನೇ ಲೈನ್:

ನಾನು ಬಟ್ಟೆ ಫ್ಯಾಕ್ಟರೀಲಿ ಹೊಲಿಗೆ ಲೈನಲ್ಲಿ ಇದ್ದೆ, ಆಮೇಲೆ ಸೂಪರ್‌ವೈಸರ್ ಆದೆ. ಮೇಲೆ ಎಲ್ಲರೂ ಆಫೀಸ್ ಬಗ್ಗೆ ಹೇಳಿದಾರೆ, ಫ್ಯಾಕ್ಟರಿ ಹೇಗಿರುತ್ತೆ ನಾನು ಹೇಳ್ತೀನಿ.

ನಮ್ಮಲ್ಲಿ ಪ್ಯಾಡ್ ಇತ್ತು. ಎಲ್ಲಿ ಅಂದ್ರೆ ನರ್ಸ್ ರೂಮಲ್ಲಿ, ಕಪಾಟಲ್ಲಿ, ಬೀಗ ಹಾಕಿ. ಬೇಕಂದ್ರೆ ಮೊದಲು ಸೂಪರ್‌ವೈಸರ್ ಹತ್ರ ಪರ್ಮಿಶನ್, ಆಗ ನಮ್ಮ ಲೈನಿಗೆ ಇದ್ದೋನು ಗಂಡಸು, ಆಮೇಲೆ ನರ್ಸ್ ರೂಮಿಗೆ ನಡ್ಕೊಂಡು ಹೋಗಿ ರಿಜಿಸ್ಟರಲ್ಲಿ ಹೆಸರು, ಟೋಕನ್ ನಂಬರ್, ಕಾರಣ ಬರೆದು ಸೈನ್ ಹಾಕಿ ಒಂದೇ ಒಂದು ಪ್ಯಾಡ್ ತಗೋಬೇಕು. ಅಷ್ಟರಲ್ಲಿ ನಮ್ಮ ಮುಂದೆ ಪೀಸುಗಳು ರಾಶಿ ಬಿದ್ದಿರ್ತಿದ್ವು, ಟಾರ್ಗೆಟ್ ಹೋಯ್ತು ಅಂತ ಬೈಗುಳ ಬೇರೆ. ಆ ರಿಜಿಸ್ಟರ್ ನಾನು ಸೂಪರ್‌ವೈಸರ್ ಆದ್ಮೇಲೆ ತಿರುವಿ ನೋಡ್ದೆ, ಇಡೀ ವರ್ಷಕ್ಕೆ ಎರಡು ಪುಟ ತುಂಬಿರ್ಲಿಲ್ಲ. ಮ್ಯಾನೇಜ್‌ಮೆಂಟ್ ಅದನ್ನೇ ತೋರ್ಸಿ ಇದಕ್ಕೆ ಡಿಮ್ಯಾಂಡ್ ಇಲ್ಲ ಅಂದ್ರು. ನಮ್ಮ ಹುಡುಗೀರು ಏನು ಮಾಡ್ತಿದ್ರು ಗೊತ್ತಾ, ಕಟಿಂಗ್ ಸೆಕ್ಷನಲ್ಲಿ ಬಿದ್ದಿರೋ ಬಟ್ಟೆ ಚೂರು ಮಡಚಿ ಇಟ್ಕೋತಿದ್ರು, ಬಣ್ಣದ ವಾಸನೆ ಇನ್ನೂ ಹೋಗಿರದ ಬಟ್ಟೆ ಅದು. ನಾನೂ ಇಟ್ಕೊಂಡಿದೀನಿ, ತೊಡೆ ಸಂದು ಉರಿದು ಉರಿದು ರಾತ್ರಿ ಮಲಗೋಕೆ ಆಗ್ತಿರ್ಲಿಲ್ಲ.

ಅದಕ್ಕೇ ಹೇಳೋದು, ಕೇಳದೇ ಸಿಗ್ಬೇಕು. ಬೀಗ ಇಲ್ದೆ, ರಿಜಿಸ್ಟರ್ ಇಲ್ದೆ, ಟಾಯ್ಲೆಟ್ ಒಳಗೇ. ನಿಮ್ಮ ಅಗ್ರಿಮೆಂಟಲ್ಲಿ ಇದನ್ನ ಬರೆಸ್ಕೊಳ್ಳಿ, ಒಪ್ಪದಿದ್ರೆ ಆ ಆರ್ಡರ್ ಬಿಟ್ಟುಬಿಡಿ. ಇನ್ನೊಂದು, ಕಂಪನಿಯವರು ಹೆಂಗಸರ ಲೆಕ್ಕ ಕೊಡುವಾಗ ತಮ್ಮ ಸಂಬಳದ ಪಟ್ಟೀಲಿ ಇರೋರನ್ನ ಮಾತ್ರ ಎಣಿಸ್ತಾರೆ. ಕ್ಲೀನಿಂಗ್‌ನವರು, ಕ್ಯಾಂಟೀನ್‌ನವರು, ಸೆಕ್ಯೂರಿಟಿ ಹೆಂಗಸ್ರು, ಇವರೆಲ್ಲ ಕಾಂಟ್ರ್ಯಾಕ್ಟರ್ ಕಡೆಯವರು, ಲೆಕ್ಕಕ್ಕೇ ಬರಲ್ಲ, ಅವರ ಟಾಯ್ಲೆಟ್ ಕೂಡ ಎಷ್ಟೋ ಕಡೆ ಬೇರೆ ಇರುತ್ತೆ, ಗೋಡೌನ್ ಹಿಂದೆಯೋ ಗೇಟ್ ಹತ್ರವೋ. ನೀವು ಲಾಭದಲ್ಲಿ ಪಾಲು ಯಾರಿಗೋ ಕೊಡ್ತೀನಿ ಅಂತೀರಲ್ಲ, ಮೊದಲು ಅದೇ ಕಾಂಪೌಂಡ್ ಒಳಗಿರೋ ಇವರಿಗೆ ಕೊಡಿ. ನಿಮ್ಮ ಬಾಕ್ಸ್ ದಿನಾ ತುಂಬಿಸೋಳು, ಬಿನ್ ಖಾಲಿ ಮಾಡೋಳು ಅವಳೇ ಅಲ್ವಾ, ಅವಳಿಗೆ ಗ್ಲೌಸು, ಆ ಕೆಲಸಕ್ಕೆ ಅಂತ ಬೇರೆ ದುಡ್ಡು, ಇವೆರಡೂ ನಿಮ್ಮ ರೇಟಲ್ಲಿ ಇರ್ಬೇಕು.

ಲ್ಯಾಬ್‌ಕೋಟ್:

ನೂಲು, ನಾನ್‌ವೋವನ್ (ಅಂದ್ರೆ ನೇಯದೇ ಮಾಡಿದ) ಬಟ್ಟೆ ಟೆಸ್ಟ್ ಮಾಡೋ ಲ್ಯಾಬಲ್ಲಿ ಕೆಲಸ ಮಾಡಿದೀನಿ. ಪ್ರಾಡಕ್ಟ್ ಬಗ್ಗೆ ಯಾರೂ ಹೇಳಿಲ್ಲ ಅಂತ ಬರೀತಿದೀನಿ.

ಸಾಮಾನ್ಯ ಪ್ಯಾಡಲ್ಲಿ ಮೇಲಿನ ಪದರ ಪ್ಲಾಸ್ಟಿಕ್ ನೂಲಿನದ್ದು, ನಡುವೆ ಮರದ ತಿರುಳಿನ ಹತ್ತಿಯಂಥ ಪದಾರ್ಥ, ಅದರೊಳಗೆ ಜೆಲ್ ಆಗೋ ಪುಡಿ, ಕೆಳಗೆ ಸೋರದ ಹಾಗೆ ಪ್ಲಾಸ್ಟಿಕ್ ಹಾಳೆ. ಆ ಪುಡಿ ಬರೀ ನೀರಾದ್ರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತೆ, ಉಪ್ಪಿನಂಶ ಇರೋ ದ್ರವ ಆದ್ರೆ ಅದು ತುಂಬಾನೇ ಕಮ್ಮಿ ಆಗಿಬಿಡುತ್ತೆ. ಸೇಲ್ಸ್‌ನವರು ನಿಮ್ಮ ಮುಂದೆ ಲೋಟದಲ್ಲಿ ನೀರು ಸುರಿದು ತೋರಿಸಿದ್ರೆ ಮರುಳಾಗ್ಬೇಡಿ ಅಂತ ಹೇಳೋದು ಇದಕ್ಕೇ. 2023ರಲ್ಲಿ ಅಮೆರಿಕದ ಒರೆಗಾನ್‌ನ ಸಂಶೋಧಕರು ನೀರಿನ ಬದಲು ಮನುಷ್ಯರ ರಕ್ತವನ್ನೇ ಬಳಸಿ 21 ಪ್ರಾಡಕ್ಟ್ ಟೆಸ್ಟ್ ಮಾಡಿದ್ರು, ಪ್ಯಾಕೆಟ್ ಮೇಲೆ ಹೇಳಿದ್ದಕ್ಕೂ ನಿಜವಾಗಿ ಹಿಡಿಯೋದಕ್ಕೂ ಎಷ್ಟೋ ಕಡೆ ತಾಳೆ ಆಗ್ಲಿಲ್ಲ. ನೀವು ಮಾಡಬಹುದಾದ ಸುಲಭದ ಕೆಲಸ ಅಂದ್ರೆ ಮೂರ್ನಾಲ್ಕು ಬಗೆ ಪ್ಯಾಡ್ ತಂದು ಹತ್ತಿಪ್ಪತ್ತು ಜನಕ್ಕೆ ಕೊಡೋದು, ಕೂತು ಕೆಲಸ ಮಾಡೋರು, ನಿಂತು ಕೆಲಸ ಮಾಡೋರು, ಹೆಚ್ಚು ಹೋಗೋರು, ಕಮ್ಮಿ ಹೋಗೋರು ಎಲ್ಲ ಸೇರಿರ್ಬೇಕು. ಒಂದು ಮುಟ್ಟಲ್ಲಿ ಒಟ್ಟು ಹೋಗೋ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲೀಲೀಟರ್, 80 ದಾಟಿದ್ರೆ ಹೆಚ್ಚು ಅಂತ ಡಾಕ್ಟರುಗಳು ಹೇಳ್ತಾರೆ, ಆದ್ರಿಂದ ಬಾಕ್ಸಲ್ಲಿ ಒಂದೇ ಸೈಜ್ ಇಟ್ರೆ ಸಾಲಲ್ಲ, ದೊಡ್ಡ ಸೈಜ್ ಸ್ವಲ್ಪನಾದ್ರೂ ಇರ್ಲಿ.

"ಕರಗುತ್ತೆ" ಅನ್ನೋ ಮಾತು. ಮೆಕ್ಕೆಜೋಳದ ಪಿಷ್ಟದಿಂದ ಬಂದ ಪ್ಲಾಸ್ಟಿಕ್ ಹಾಳೆ ಎಷ್ಟೋ ಸಲ 58 ಡಿಗ್ರಿ ಆಸುಪಾಸು ಬಿಸಿ ಹಿಡಿದಿಡೋ ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಮಾತ್ರ ಸರಿಯಾಗಿ ಕರಗುತ್ತೆ, ಕಸದ ಗುಡ್ಡೆಯಲ್ಲಿ ಹೂತ್ರೆ ಹಾಗೇ ಬಿದ್ದಿರುತ್ತೆ. ಆಫೀಸಿನ ಕಸ ಎಲ್ಲಿಗೆ ಹೋಗುತ್ತೆ ಅಂತ ಮೊದಲು ತಿಳ್ಕೊಳ್ಳಿ, ಅಂಥ ಘಟಕಕ್ಕೆ ಹೋಗದಿದ್ರೆ "ಪರಿಸರಸ್ನೇಹಿ" ಅಂತ ನಿಮ್ಮ ಬಾಕ್ಸ್ ಮೇಲೆ ಬರೀಬೇಡಿ. ತಯಾರಕರ ಹತ್ರ ಬ್ಲೀಚಿಂಗ್‌ಗೆ ಕ್ಲೋರಿನ್ ಬಳಸಿದಾರಾ, ಸೆಂಟ್ ಹಾಕಿದಾರಾ ಅಂತ ಲಿಖಿತದಲ್ಲಿ ಕೇಳಿ, ಸೆಂಟ್ ಇದ್ರೆ ಬೇಡವೇ ಬೇಡ, ಚರ್ಮ ಕೆರೆಯುತ್ತೆ. ಟಾಯ್ಲೆಟ್ ಒಳಗೇ ಸುಡೋ ಪುಟ್ಟ ಮಷೀನ್ ಮಾರೋರು ಕೂಡ ಬರ್ತಾರೆ, ಅದರಲ್ಲಿ ಬಿಸಿ 800 ಡಿಗ್ರಿ ಮುಟ್ಟದಿದ್ರೆ ಪ್ಲಾಸ್ಟಿಕ್ ಅರೆಬರೆ ಸುಟ್ಟು ವಿಷದ ಹೊಗೆ ಬರುತ್ತೆ, ಅದನ್ನ ಉಸಿರಾಡೋರು ಅಲ್ಲಿ ಕ್ಲೀನ್ ಮಾಡೋರೇ.

ಟ್ಯಾಂಪೂನ್ ಇಡೋದಾದ್ರೆ ಎಂಟು ಗಂಟೆಗಿಂತ ಹೆಚ್ಚು ಇಟ್ಕೋಬಾರ್ದು ಅಂತ ಬಾಕ್ಸ್ ಮೇಲೇ ನಿಮ್ಮ ಭಾಷೇಲಿ ದೊಡ್ಡದಾಗಿ ಬರೀರಿ. 1980ರ ಹೊತ್ತಿಗೆ ಅಮೆರಿಕದಲ್ಲಿ ಅತಿಯಾಗಿ ಹೀರೋ ಟ್ಯಾಂಪೂನ್‌ಗಳಿಂದ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅಂತ, ಬ್ಯಾಕ್ಟೀರಿಯಾದ ವಿಷ ಮೈಗೆ ಹರಡೋ ಕಾಯಿಲೆ ಬಂದು ಹೆಣ್ಣುಮಕ್ಕಳು ಜೀವ ಕಳ್ಕೊಂಡ್ರು, ಈಗ ಅದು ತೀರಾ ಅಪರೂಪ, ಆದ್ರೂ ಡಬಲ್ ಶಿಫ್ಟ್ ಮಾಡೋ ಜಾಗದಲ್ಲಿ ಮರೆಯೋದು ಸುಲಭ. ಕಪ್ 12 ಗಂಟೆ ತನಕ ಇರುತ್ತೆ, ವರ್ಷಗಟ್ಲೆ ಬಾಳುತ್ತೆ, ಆದ್ರೆ ಅದು ಬಾಕ್ಸಲ್ಲಿ ಇಡೋ ಸಾಮಾನಲ್ಲ. ಸೈಜ್ ನೋಡ್ಬೇಕು, ಹಾಕೋದು ಕಲೀಬೇಕು, ತೊಳೆಯೋಕೆ ನೀರು, ಕುದಿಸೋಕೆ ಜಾಗ ಬೇಕು. ಬೇಕು ಅಂದೋರಿಗೆ ಆರ್ಡರ್ ಮೇಲೆ ಕೊಡಿ.

ರೀಫಿಲ್‌ಅಕ್ಕ:

ಲಾಭದ ಪಾಲಿನ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಲಾಭದಲ್ಲಿ ಇಷ್ಟು ಅಂತ ಹೇಳ್ಬೇಡ, ಮೊದಲ ವರ್ಷ ಎರಡ್ನೇ ವರ್ಷ ಲಾಭವೇ ಇರಲ್ಲ, ಕೊಡೋದೂ ಸೊನ್ನೆ ಆಗುತ್ತೆ, ಜನ ಕೇಳಿದಾಗ ನಿನಗೇ ಮುಜುಗರ. ಪ್ರತಿ ಬಾಕ್ಸಿಗೆ ಇಷ್ಟು ಪ್ಯಾಡ್ ಅಂತ ಇಡು, ರೇಟ್ ಹಾಕುವಾಗಲೇ ಅದು ಖರ್ಚಿನ ಲೆಕ್ಕಕ್ಕೆ ಬಂದಿರುತ್ತೆ, ಬಿಲ್ಲಲ್ಲಿ ಬೇರೆ ಸಾಲಲ್ಲಿ ತೋರಿಸು. ಕೊಡೋದಾದ್ರೆ ಒಂದೇ ಜಾಗಕ್ಕೆ, ತಿಂಗಳು ತಪ್ಪದೆ. ಇವತ್ತು ಇಲ್ಲಿ ನಾಳೆ ಅಲ್ಲಿ ಅಂತ ಹಂಚಿ ಬಂದ್ರೆ ಮುಂದಿನ ತಿಂಗಳು ಆ ಹುಡುಗೀರು ಮತ್ತೆ ಬಟ್ಟೆ ಚೂರಿಗೇ ಹೋಗ್ಬೇಕಾಗುತ್ತೆ, ಮೂರನೇ ಲೈನ್ ಹೇಳಿದ್ರಲ್ಲ, ಹಾಗೆ.

ಹೊಸಹೆಜ್ಜೆ:

ಒಂದು ವಾರ ಆಯ್ತು, ಅಪ್‌ಡೇಟ್ ಹಾಕ್ತೀನಿ ಅಂತ ಬಂದೆ. ಪರಿಚಯದ ಒಂದು ಡಯಾಗ್ನೋಸ್ಟಿಕ್ ಲ್ಯಾಬಿನವರು ಮೂರು ತಿಂಗಳ ಟ್ರಯಲ್‌ಗೆ ಒಪ್ಪಿದಾರೆ. ಇವತ್ತು ಫ್ರೆಂಡ್ ಜೊತೆ ಹೋಗಿ ಟಾಯ್ಲೆಟ್ ಎಲ್ಲ ಎಣಿಸಿ ಬಂದ್ವಿ, ಮೇಲೆ ನಾಲ್ಕು, ಕೆಳಗೆ ಸ್ಯಾಂಪಲ್ ರೂಮ್ ಹತ್ರ ಒಂದು, ಜನರೇಟರ್ ಪಕ್ಕ ಕ್ಲೀನಿಂಗ್‌ನವರದ್ದು ಒಂದು, ಅದು ಅವರು ಕೊಟ್ಟ ಲಿಸ್ಟಲ್ಲಿ ಇರ್ಲಿಲ್ಲ, ಮೂರನೇ ಲೈನ್ ಅಕ್ಕ ಹೇಳದಿದ್ರೆ ನಾವೂ ಕೇಳ್ತಿರ್ಲಿಲ್ಲ. ಅಲ್ಲಿನ ಬಾಗಿಲಿಗೆ ಚಿಲಕ ಇರ್ಲಿಲ್ಲ, ಪ್ಲಾಸ್ಟಿಕ್ ದಾರ ಕಟ್ಟಿದ್ರು. ಬಾಕ್ಸ್‌ಗಿಂತ ಮುಂಚೆ ಚಿಲಕ ಹಾಕಿಸ್ಬೇಕು ಅಂತ ಅಡ್ಮಿನ್‌ಗೆ ಹೇಳಿ ಬಂದಿದೀನಿ, ಮಾಡಿಸ್ತೀವಿ ಅಂದ್ರು.

ಬಾಕ್ಸ್ ಎಲ್ಲಿಡೋದು ಅಂತ ನಾವಿಬ್ರೂ ಕನ್ನಡಿ ಪಕ್ಕದ ಗೋಡೆ ನೋಡ್ತಿದ್ವಿ. ಅಲ್ಲೇ ಒರೆಸ್ತಿದ್ದ ಅಮ್ಮ ಕೇಳಿದ್ರು, ಏನದು ಅಂತ. ಹೇಳ್ದೆ. ಅವರು ಪೊರಕೆ ಗೋಡೆಗೆ ಒರಗಿಸಿ ಒಳಗಿನ ಬಾಗಿಲು ತೆಗೆದು, ಕಮೋಡ್ ಮೇಲೆ ಕೂತಾಗ ಕೈಗೆ ಎಟಕೋ ಜಾಗ ತೋರಿಸಿ, "ಇಲ್ಲಿಡಿ, ಎದ್ದು ಆಚೆ ಬರೋ ಹಾಗಿರಲ್ಲ ಆಗ" ಅಂದ್ರು. ಆರಕ್ಕೂ ಅಲ್ಲೇ ಗುರುತು ಹಾಕಿದೀವಿ. ಸೋಮವಾರ ಡ್ರಿಲ್ ಮಾಡೋನು ಬರ್ತಾನೆ.